ಮಕ್ಕಳಿಗೊಂದು ಸಾಧು ಕೋಳಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಕೋಳಿಗಳ ಹಿಂದೆ ಓಡಿ ಬಂದ ಮಗು ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದ ಮೇಲೂ ಅದನ್ನೇ ಕೇಳುತ್ತದೆ: ನಮ್ಮನೆಗೂ ಒಂದು ಕೋಳಿ ತರೋಣ. ನಾಯಿ ಸಾಕಲು ಹಿಂಜರಿಯುವ ಅಪ್ಪ ಅಮ್ಮ ಕೂಡ ಕೋಳಿಗೆ ಬೇಗ ಒಪ್ಪುತ್ತಾರೆ. ಹಿತ್ತಿಲಿದ್ದರೆ ಜಾಗವಿದೆ, ಮೊಟ್ಟೆಯೂ ಸಿಗುತ್ತದೆ. ಆಮೇಲೆ ಅವರು ಕೇಳುವ ಮೊದಲ ಪ್ರಶ್ನೆ, ಯಾವ ತಳಿ ಸಾಧು? ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರವಾಗಿ ಒಂದು ತಳಿಯ ಹೆಸರು ಹೇಳಿ ಕೈತೊಳೆದುಕೊಂಡರೆ ಮಗುವಿಗೂ ಅನ್ಯಾಯ, ಕೋಳಿಗೂ ಅನ್ಯಾಯ. ಕೋಳಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಹಲವು ನಂಬಿಕೆಗಳು ಅಡುಗೆಮನೆಯಿಂದ, ಸಂತೆಯಿಂದ ಬಂದವು. ಮಗುವಿನ ಪಕ್ಕದಲ್ಲಿ ಕೋಳಿಯನ್ನು ಬೆಳೆಸಲು ಹೊರಟಾಗ ಅವು ದಾರಿ ತಪ್ಪಿಸುತ್ತವೆ.

ತಪ್ಪು ಕಲ್ಪನೆ: ಸಾಧು ತಳಿಯ ಮರಿ ತಂದರೆ ಸಾಕು, ಅದು ತಾನಾಗಿಯೇ ಮಡಿಲಿಗೆ ಬರುತ್ತದೆ.

ವಾಸ್ತವ: ತಳಿಯಿಂದ ಬರುವುದು ಸ್ವಭಾವದ ಒಲವು ಮಾತ್ರ. ಪಳಗಿಸುವುದು ಮನುಷ್ಯರ ಕೈ.

ತಳಿಗೆ ಪಾಲೇ ಇಲ್ಲ ಎಂದಲ್ಲ. ನಮ್ಮ ಸಾಕುಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಪೆರ್ ಯೆನ್ಸನ್ ಅವರ ತಂಡ ಈ ಕಾಡುಕೋಳಿಗಳನ್ನು ಸಾಕಿ, ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಕಡಿಮೆ ಹೆದರುವ ಹಕ್ಕಿಗಳನ್ನು ಆರಿಸಿ ಮರಿ ಮಾಡಿಸುತ್ತ ಬಂತು. ಕೆಲವೇ ತಲೆಮಾರುಗಳಲ್ಲಿ ಅವುಗಳ ಅಂಜಿಕೆ ಎದ್ದುಕಾಣುವಷ್ಟು ತಗ್ಗಿತು, ಮೈಕಟ್ಟೂ ಬದಲಾಯಿತು. ಹೆದರಿಕೆ ರಕ್ತದಲ್ಲಿ ಇಳಿದು ಬರುವ ಗುಣ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಮೊಟ್ಟೆಗೆಂದೇ ರೂಪಿಸಿದ ವೈಟ್ ಲೆಗ್‌ಹಾರ್ನ್ ಬಾಗಿಲು ಬಡಿದ ಸದ್ದಿಗೇ ಹಾರಿ ಬೀಳುತ್ತದೆ. ಕೊಚಿನ್ ಅಥವಾ ಆರ್ಪಿಂಗ್ಟನ್ ತಲೆಯೆತ್ತಿ ನೋಡಿ ಮತ್ತೆ ಕೆದಕಲು ತೊಡಗುತ್ತದೆ. ಇದು ತಳಿಯ ಕೊಡುಗೆ.

ಉಳಿದದ್ದು ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ತೀರ್ಮಾನವಾಗುತ್ತದೆ. ಬ್ರಿಟನ್ನಿನ ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲೇ ಇದನ್ನು ಬರೆದಿಟ್ಟ. ಆಗತಾನೇ ಹುಟ್ಟಿದ ಮರಿಗಳು ಕಣ್ಣೆದುರು ಚಲಿಸುವ ಯಾವುದನ್ನಾದರೂ ಹಿಂಬಾಲಿಸುತ್ತಿದ್ದವು. ಆದರೆ ಕಣ್ಣಿಗೆ ಮುಸುಕು ಹಾಕಿ ನಾಲ್ಕು ದಿನದ ತನಕ ಇಟ್ಟು ಆಮೇಲೆ ಬಿಚ್ಚಿದ ಮರಿಗಳು ಅವನನ್ನು ಕಂಡೊಡನೆ ದಿಗಿಲುಬಿದ್ದು ಓಡಿದವು. ಮನುಷ್ಯರೂ ನಮ್ಮವರೇ ಎಂದು ಮರಿ ಒಪ್ಪಿಕೊಳ್ಳುವ ಬಾಗಿಲು ಅಷ್ಟು ಬೇಗ ಮುಚ್ಚತೊಡಗುತ್ತದೆ. ಪೂರ್ತಿ ಮುಚ್ಚಿಹೋಗುವುದಿಲ್ಲ ನಿಜ. ದೊಡ್ಡ ಕೋಳಿಯನ್ನೂ ಪಳಗಿಸಬಹುದು, ಆದರೆ ಅದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು.

ಆದ್ದರಿಂದ ಕೊಳ್ಳುವಾಗ ತಳಿಯ ಹೆಸರಿನ ಜೊತೆಗೆ ಮರಿ ಬೆಳೆದ ಬಗೆಯನ್ನೂ ವಿಚಾರಿಸಿ. ಯಾರಾದರೂ ದಿನವೂ ಕೈಯಿಂದ ಕಾಳು ತಿನ್ನಿಸಿದ್ದಾರೆಯೇ? ಮಾರುವವರ ಅಂಗಳದಲ್ಲಿ ನೆಲಕ್ಕೆ ಕುಳಿತು, ಅಂಗೈಯಲ್ಲಿ ಅಕ್ಕಿ ನುಚ್ಚು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿರಿ. ಮೊದಲು ಹತ್ತಿರ ಬರುವ ಹಕ್ಕಿ ನಿಮ್ಮದು. ಒಂದೇ ಕಾವಿನಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲೂ ಒಂದು ಧೈರ್ಯದ್ದು, ಇನ್ನೊಂದು ಪುಕ್ಕಲು ಇರುತ್ತದೆ. ಬಣ್ಣ ಮೆಚ್ಚಿ ಕೊಂಡವರಿಗಿಂತ ಹೀಗೆ ನಡವಳಿಕೆ ನೋಡಿ ಕೊಂಡವರೇ ಹೆಚ್ಚು ನೆಮ್ಮದಿಯಿಂದ ಇರುವುದನ್ನು ಕಂಡಿದ್ದೇನೆ.

ತಪ್ಪು ಕಲ್ಪನೆ: ಮಕ್ಕಳಿಗೆಂದರೆ ಸಿಲ್ಕಿಯೇ; ಅದು ಎಲ್ಲ ಊರಿಗೂ ಹೊಂದುತ್ತದೆ.

ವಾಸ್ತವ: ಸಿಲ್ಕಿ ನಿಜಕ್ಕೂ ಮೃದು ಸ್ವಭಾವದ ಕೋಳಿ. ಆ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಚೀನಾ ಮೂಲದ ಈ ತಳಿಗೆ ರೇಷ್ಮೆ ಕೂದಲಿನಂಥ ಪುಕ್ಕ, ಕಪ್ಪು ಚರ್ಮ, ಕಾಲಿಗೆ ನಾಲ್ಕರ ಬದಲು ಐದು ಬೆರಳು. 13ನೇ ಶತಮಾನದ ಕೊನೆಯಲ್ಲಿ ಚೀನಾ ಸುತ್ತಿದ ಮಾರ್ಕೋ ಪೋಲೋ, ಬೆಕ್ಕಿನಂತೆ ರೋಮವಿರುವ ಕೋಳಿಗಳ ಬಗ್ಗೆ ಹೇಳಿದ್ದಾನೆ. ತೂಕ ಸುಮಾರಾಗಿ ಒಂದರಿಂದ ಒಂದೂವರೆ ಕಿಲೋ ಇರುವುದರಿಂದ ಎಂಟು ವರ್ಷದ ಮಗು ಎರಡೂ ಕೈಯಲ್ಲಿ ಆರಾಮವಾಗಿ ಎತ್ತಿಕೊಳ್ಳಬಹುದು. ಹಾರಲಾರದು, ಹೀಗಾಗಿ ಕಾಂಪೌಂಡು ದಾಟಿ ಹೋಗುವ ಭಯವಿಲ್ಲ.

ಆದರೆ ಈ ಚೆಲುವಿನಲ್ಲೇ ಅದರ ಕಷ್ಟವೂ ಇದೆ. ಮಾಮೂಲಿ ಕೋಳಿಯ ಪುಕ್ಕದ ಎಳೆಗಳು ಒಂದಕ್ಕೊಂದು ಸಣ್ಣ ಕೊಕ್ಕೆಗಳಿಂದ ಹೆಣೆದುಕೊಂಡು ಮಳೆನೀರು ಜಾರಿಹೋಗುವಂತೆ ಮಾಡುತ್ತವೆ. ಸಿಲ್ಕಿಗೆ ಆ ಕೊಕ್ಕೆಗಳಿಲ್ಲ. ಒಂದು ಮಳೆಗೆ ಚರ್ಮದ ತನಕ ನೆನೆದು ನಡುಗುತ್ತದೆ. ಆಗುಂಬೆ, ಮಡಿಕೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸಿಲ್ಕಿಯನ್ನು ಅಂಗಳಕ್ಕೆ ಬಿಡುವಂತಿಲ್ಲ. ಒಣಗಿದ ನೆಲ, ಮೇಲೆ ಸೂರು ಎರಡೂ ಇರಲೇಬೇಕು. ಬೆಂಗಳೂರು, ಮೈಸೂರಿನ ಹವೆ ಅದಕ್ಕೆ ಒಗ್ಗುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಅದನ್ನು ಸಾಕಲು ಹೊರಡಬೇಡಿ ಎಂದೇ ನಾನು ಹೇಳುತ್ತೇನೆ.

ತಲೆಯ ಮೇಲಿನ ಜುಟ್ಟು ಕಣ್ಣಿಗೆ ಇಳಿಬಿದ್ದರೆ ಸಿಲ್ಕಿಗೆ ಪಕ್ಕದಿಂದ ಬರುವವರು ಕಾಣುವುದಿಲ್ಲ. ಮಗು ಸರಕ್ಕನೆ ಮುಟ್ಟಿದಾಗ ಬೆಚ್ಚಿ ಕುಕ್ಕುತ್ತದೆ. ‘ಸಾಧು ಅಂದಿದ್ರಲ್ಲ, ಹೀಗ್ಯಾಕೆ?’ ಎಂದು ಕೇಳುವವರು ಮೊದಲು ಜುಟ್ಟಿನ ಕೂದಲನ್ನು ಕಣ್ಣಿನ ಸುತ್ತ ಹುಷಾರಾಗಿ ಕತ್ತರಿಸಿ ನೋಡಬೇಕು. ಎತ್ತರಕ್ಕೆ ಹಾರಲಾರದ್ದರಿಂದ ಗೂಡಿನಲ್ಲಿ ಕೂರುವ ಕೋಲು ಒಂದಡಿಗಿಂತ ಮೇಲೆ ಇರಬಾರದು. ಮಾರೆಕ್ಸ್ ಎಂಬ ಲಕ್ವ ತರುವ ರೋಗಕ್ಕೆ ಈ ತಳಿ ಬೇಗ ತುತ್ತಾಗುತ್ತದೆ. ಅದರ ಲಸಿಕೆ ಮರಿ ಹುಟ್ಟಿದ ದಿನವೇ ಬೀಳಬೇಕಾದ್ದರಿಂದ ಮಾರುವವರನ್ನು ಆ ಬಗ್ಗೆ ಕೇಳದೆ ಹಣ ಕೊಡಬೇಡಿ.

ಇನ್ನು ಕಾವು. ಸಿಲ್ಕಿ ಹೇಟೆಗೆ ಕಾವಿಗೆ ಕೂರುವ ಹಂಬಲ ಬಲು ಹೆಚ್ಚು. ಬೇರೆ ಕೋಳಿಯ ಮೊಟ್ಟೆಯಿಟ್ಟರೂ ಕೂರುತ್ತದೆ, ಮೊಟ್ಟೆಯೇ ಇಲ್ಲದ ಗೂಡಿನಲ್ಲೂ ಕೂರುತ್ತದೆ. ಆ ದಿನಗಳಲ್ಲಿ ಊಟ ನೀರು ಮರೆತು ಮೈ ಉಬ್ಬಿಸಿ ಕುಳಿತ ಹಕ್ಕಿಯ ಬಳಿ ಕೈ ಒಡ್ಡಿದರೆ ಎಂಥ ಸಾಧುವೂ ಕುಕ್ಕದೆ ಬಿಡುವುದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಕೊಡಿ. ಕಾವಿಗೆ ಕೂತ ಕೋಳಿಯನ್ನು ದೂರದಿಂದ ನೋಡುವುದೂ ಮಕ್ಕಳಿಗೆ ಒಳ್ಳೆಯ ಪಾಠ. ಫಲಿತ ಮೊಟ್ಟೆ ಸಿಕ್ಕರೆ 21 ದಿನದ ಎಣಿಕೆಯನ್ನು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.

ತಪ್ಪು ಕಲ್ಪನೆ: ದೊಡ್ಡ ಕೋಳಿ ಮಕ್ಕಳಿಗೆ ಅಪಾಯ, ಚಿಕ್ಕದೇ ಸುರಕ್ಷಿತ.

ವಾಸ್ತವ: ಗಾತ್ರಕ್ಕೂ ಕೋಪಕ್ಕೂ ನೇರ ಸಂಬಂಧವಿಲ್ಲ. ಬಹಳ ಸಲ ಇದು ತಿರುಗುಮುರುಗು. ಬ್ರಹ್ಮ, ಕೊಚಿನ್, ಆರ್ಪಿಂಗ್ಟನ್ ಇವು ಕೋಳಿಗಳಲ್ಲೇ ದೊಡ್ಡ ಮೈಯವು, ನಡಿಗೆ ನಿಧಾನ, ಗಲಾಟೆ ಕಡಿಮೆ. 1840ರ ದಶಕದಲ್ಲಿ ಚೀನಾದಿಂದ ಬಂದ ಕೊಚಿನ್ ಕೋಳಿಗಳನ್ನು ವಿಕ್ಟೋರಿಯಾ ರಾಣಿಯೂ ಸಾಕಿದ್ದಳು. ಕಾಲಿನ ತನಕ ಪುಕ್ಕ ತುಂಬಿದ ಆ ಹಕ್ಕಿಗಳನ್ನು ನೋಡಿ ಇಂಗ್ಲೆಂಡಿನವರು ಕೋಳಿ ಸಾಕುವ ಹುಚ್ಚಿಗೇ ಬಿದ್ದರು. ಕೆಂಟ್ ಪ್ರಾಂತದ ಆರ್ಪಿಂಗ್ಟನ್ ಊರಿನ ವಿಲಿಯಂ ಕುಕ್ 1886ರಲ್ಲಿ ರೂಪಿಸಿದ ಕಪ್ಪು ಆರ್ಪಿಂಗ್ಟನ್, ಆಮೇಲೆ ಬಂದ ಹೊಂಬಣ್ಣದ್ದು, ಇವತ್ತಿಗೂ ಪಶ್ಚಿಮದ ಮನೆಗಳಲ್ಲಿ ಮಕ್ಕಳ ಕೋಳಿ ಎಂದೇ ಹೆಸರಾಗಿವೆ. ಅದೇ ವೇಳೆ, ಅಂಗೈಯಗಲದ ಗಿಡ್ಡ ಕಾಳಗದ ತಳಿಗಳ ಹುಂಜ ತನ್ನ ನಾಲ್ಕರಷ್ಟು ತೂಕದವರ ಮೇಲೂ ಏರಿಹೋಗುತ್ತದೆ.

ದೊಡ್ಡ ಕೋಳಿಯ ತೊಂದರೆ ಬೇರೆಯದು. ಮಗುವಿಗೆ ಎತ್ತಲು ಭಾರ, ಜಾರಿ ಬಿದ್ದರೆ ಕಾಲು ಮುರಿದುಕೊಳ್ಳುತ್ತದೆ. ಜೊತೆಗೆ ಸೆಕೆ. ಕೋಳಿಗೆ ಬೆವರುವುದೇ ಗೊತ್ತಿಲ್ಲ, ಅದರ ಮೈಬಿಸಿ ಸಾಮಾನ್ಯವಾಗಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತೇಕುತ್ತ, ರೆಕ್ಕೆ ಅಗಲಿಸಿ ನಿಂತು ಬಿಸಿ ಹೊರಹಾಕುತ್ತದೆ. ದಟ್ಟ ಪುಕ್ಕದ ಬ್ರಹ್ಮ, ಕೊಚಿನ್‌ಗಳಿಗೆ ಬಯಲುಸೀಮೆಯ ಬೇಸಿಗೆ ಹಿಂಸೆ. ಮೃದು ಸ್ವಭಾವವೂ ಬೇಕು, ಎತ್ತಲೂ ಆಗಬೇಕು ಎನ್ನುವ ತಂಪು ಊರಿನವರಿಗೆ ಕೊಚಿನ್ ಬಾಂಟಮ್ ಎಂಬ ಗಿಡ್ಡ ರೂಪ ಚೆನ್ನಾಗಿ ಹೊಂದುತ್ತದೆ.

ತಪ್ಪು ಕಲ್ಪನೆ: ಹಿಡಿದಾಗ ಅಲ್ಲಾಡದೆ ಇದ್ದರೆ ಕೋಳಿ ಸಾಧು, ಕಾಲು ಹಿಡಿದು ತಲೆಕೆಳಗೆ ಮಾಡಿದರೆ ಅದಕ್ಕೆ ಹಾಯೆನಿಸುತ್ತದೆ.

ವಾಸ್ತವ: ಈ ಪಟ್ಟಿಯಲ್ಲಿ ಅತಿ ದೊಡ್ಡ ತಪ್ಪು ಇದು. ಮಕ್ಕಳು ಇದನ್ನು ನಮ್ಮಿಂದಲೇ ಕಲಿಯುತ್ತಾರೆ. ಸಂತೆಯಲ್ಲಿ ಕೋಳಿಯನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುವುದನ್ನು ನೋಡಿದ ಮಗು, ಅದು ಸುಮ್ಮನಿದೆಯಲ್ಲ, ಹಾಗಾದರೆ ಒಪ್ಪಿದೆ ಎಂದುಕೊಳ್ಳುತ್ತದೆ.

ಹಾಗೆ ಸ್ತಬ್ಧವಾಗುವುದು ಭಯದ ತುತ್ತತುದಿ. ಬೇಟೆಗಾರನ ಹಿಡಿತಕ್ಕೆ ಸಿಕ್ಕ ಹಕ್ಕಿ ಸತ್ತಂತೆ ಮರಗಟ್ಟಿ ಬೀಳುತ್ತದೆ. ಹಿಡಿತ ಸಡಿಲವಾದರೆ ತಪ್ಪಿಸಿಕೊಳ್ಳಲು ಅದಕ್ಕುಳಿದ ಕೊನೆಯ ಉಪಾಯ ಅದು. ಕೋಳಿಯನ್ನು ಬೆನ್ನಡಿ ಮಾಡಿ ಮಲಗಿಸಿ, ಅಥವಾ ತಲೆಯನ್ನು ನೆಲಕ್ಕೊತ್ತಿ ಕೊಕ್ಕಿನ ಮುಂದೆ ಸೀಮೆಸುಣ್ಣದ ಗೆರೆ ಎಳೆದು ‘ನಿದ್ದೆ ಬರಿಸುವ’ ಆಟವೂ ಇದೇ. ಅಥನೇಸಿಯಸ್ ಕಿರ್ಚರ್ ಎಂಬ ಪಾದ್ರಿ 1646ರಲ್ಲೇ ಇದನ್ನು ಅಚ್ಚರಿಯ ಪ್ರಯೋಗವೆಂದು ಬರೆದಿದ್ದ. ಇಂದಿನ ಪ್ರಾಣಿವಿಜ್ಞಾನಿಗಳು ಈ ಮರಗಟ್ಟುವಿಕೆಯನ್ನು ಭಯದ ಅಳತೆಗೋಲಾಗಿ ಬಳಸುತ್ತಾರೆ: ಹೆಚ್ಚು ಹೊತ್ತು ಅಲ್ಲಾಡದೆ ಬಿದ್ದಿರುವ ಕೋಳಿ ಹೆಚ್ಚು ಹೆದರಿದೆ ಎಂದು ಲೆಕ್ಕ. ಹಾಗಾದರೆ ಅಂಗಡಿಯವರು ಕಾಲು ಹಿಡಿದು ಎತ್ತಿ ‘ನೋಡಿ, ಎಷ್ಟು ಪಾಪದ್ದು’ ಎನ್ನುವಾಗ ನಮ್ಮೆದುರು ಇರುವುದು ಜೀವಭಯದಲ್ಲಿರುವ ಹಕ್ಕಿ. ಇದನ್ನು ತಿಳಿದ ಮೇಲೂ ಮಗುವಿಗೆ ಆ ಆಟ ಕಲಿಸುವುದು ಕ್ರೌರ್ಯವೇ.

ನೆಮ್ಮದಿಯಿಂದಿರುವ ಕೋಳಿಯನ್ನು ಗುರುತಿಸುವುದು ಕಷ್ಟವಲ್ಲ. ಅದು ಸಣ್ಣ ದನಿಯಲ್ಲಿ ಗುಣುಗುಟ್ಟುತ್ತದೆ, ಮಡಿಲಲ್ಲೇ ಪುಕ್ಕ ತೀಡಿಕೊಳ್ಳುತ್ತದೆ, ಕಣ್ಣು ಅರೆಮುಚ್ಚುತ್ತದೆ, ಕೈಬಿಟ್ಟರೂ ಓಡುವುದಿಲ್ಲ.

ಹಿಡಿಯುವ ಕ್ರಮ ಹೀಗಿರಲಿ. ಮಗು ನೆಲಕ್ಕೆ ಕೂರಬೇಕು. ನಿಂತುಕೊಂಡು ಮೇಲಿನಿಂದ ಕೈ ಇಳಿಸಿದರೆ ಕೋಳಿಗೆ ನೆನಪಾಗುವುದು ಹದ್ದು, ಗಿಡುಗ. ಒಂದು ಅಂಗೈ ಎದೆಯ ಕೆಳಗೆ ಹೋಗಿ ಕಾಲುಗಳು ಬೆರಳ ಸಂದಿಗೆ ಬರಲಿ, ಇನ್ನೊಂದು ಕೈ ರೆಕ್ಕೆಗಳ ಮೇಲೆ ಹಗುರವಾಗಿರಲಿ. ಬಿಗಿಯಾಗಿ ಅಪ್ಪಿಕೊಳ್ಳುವುದು ಮಾತ್ರ ಬೇಡವೇ ಬೇಡ. ಹಕ್ಕಿಗಳಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಮೇಲೆಕೆಳಗೆ ಆಡಿದರಷ್ಟೇ ಉಸಿರಾಟ. ಪ್ರೀತಿಯಿಂದಲೇ ಅವುಚಿ ಹಿಡಿದ ಎಳೆಮರಿ ಉಸಿರುಗಟ್ಟಿ ಸಾಯಬಹುದು. ಇದು ಮನೆಗಳಲ್ಲಿ ನಡೆದದ್ದುಂಟು, ಮಗುವಿಗೆ ಆ ದುಃಖ ಬೇಗ ಮಾಸುವುದಿಲ್ಲ. ಓಲೆ, ಗೆಜ್ಜೆ, ಉಗುರುಬಣ್ಣದಂಥ ಹೊಳೆಯುವ ವಸ್ತುಗಳನ್ನು ಕೋಳಿ ಕಾಳೆಂದುಕೊಂಡು ಕುಕ್ಕುತ್ತದೆ. ಕಣ್ಣೂ ಹೊಳೆಯುತ್ತದೆ. ಅದಕ್ಕೇ ಮುಖವನ್ನು ಕೊಕ್ಕಿನಿಂದ ದೂರ ಇಡಬೇಕು.

ತಪ್ಪು ಕಲ್ಪನೆ: ಹುಂಜ ಇಲ್ಲದೆ ಹೇಟೆ ಮೊಟ್ಟೆಯಿಡದು, ಮರಿಯಿಂದ ಕೈಯಲ್ಲಿ ಬೆಳೆದ ಹುಂಜ ನಮ್ಮವರಿಗೆ ಏನೂ ಮಾಡದು.

ವಾಸ್ತವ: ಎರಡೂ ತಪ್ಪು. ಹೇಟೆ ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮೊಟ್ಟೆ ಮರಿಯಾಗಲು ಬೇಕು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಗಳೆಲ್ಲ ಹುಂಜದ ಮುಖವನ್ನೇ ನೋಡದ ಕೋಳಿಗಳವು.

ಎರಡನೆಯದು ಹೆಚ್ಚು ಅಪಾಯದ್ದು. ಕೈಯಲ್ಲಿ ಬೆಳೆದ ಹುಂಜಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ಐದಾರು ತಿಂಗಳಲ್ಲಿ ಪ್ರಾಯಕ್ಕೆ ಬಂದಾಗ ಅದು ಮನೆಯವರನ್ನೂ ತನ್ನ ಗುಂಪಿನವರೆಂದೇ ಎಣಿಸಿ, ಅವರಲ್ಲಿ ಚಿಕ್ಕವರ ಮೇಲೆ ಜೋರು ತೋರಿಸತೊಡಗುತ್ತದೆ. ಮೂರು ವರ್ಷದ ಮಗುವಿನ ಮುಖ ಹುಂಜ ನೆಗೆಯುವ ಎತ್ತರದಲ್ಲೇ ಇರುತ್ತದೆ. ಕಾಲಿನ ಹಿಂಬದಿಯ ಮುಳ್ಳು ಕಣ್ಣಿಗೆ ತಾಗಿದರೆ ಏನಾಗಬಹುದೆಂದು ವಿವರಿಸಬೇಕಿಲ್ಲ. ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುವುದು, ಕುತ್ತಿಗೆಯ ಗರಿ ನಿಮಿರಿಸುವುದು, ಹಿಂದಿನಿಂದ ಓಡಿಬರುವುದು ಇವು ಎಚ್ಚರಿಕೆಯ ಗುರುತುಗಳು. ಸಾಧು ಹುಂಜಗಳೂ ಇವೆ, ಸಿಲ್ಕಿ ಮತ್ತು ಕೊಚಿನ್‌ಗಳಲ್ಲಿ ಹೆಚ್ಚೇ ಇವೆ. ಆದರೂ ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ನನ್ನ ತೀರ್ಪು ಒಂದೇ: ಹೇಟೆ ಮಾತ್ರ ಸಾಕಿ. ನಸುಕಿಗೂ ಮುಂಚೆ ಏಳುವ ಕೂಗಿನ ಬಗ್ಗೆ ಅಕ್ಕಪಕ್ಕದವರ ಜೊತೆ ಜಗಳವೂ ತಪ್ಪುತ್ತದೆ.

ಸಿಲ್ಕಿ ಮರಿಗಳಲ್ಲಿ ಹೆಣ್ಣು ಗಂಡು ಗುರುತಿಸುವುದು ತಿಂಗಳುಗಟ್ಟಲೆ ಆಗದು. ಆದ್ದರಿಂದ ಹುಂಜ ಬಂದರೆ ಮರಳಿ ಪಡೆಯುವಿರಾ ಎಂದು ಮಾರುವವರ ಬಳಿ ಮೊದಲೇ ಮಾತಾಡಿಕೊಳ್ಳಿ. ಇಲ್ಲವೇ ನಾಲ್ಕೈದು ತಿಂಗಳು ತುಂಬಿ ಗುರುತು ಖಚಿತವಾದ ಹೇಟೆಯನ್ನೇ ಕೊಳ್ಳಿ.

ತಪ್ಪು ಕಲ್ಪನೆ: ಜಾತ್ರೆಯಲ್ಲಿ ಸಿಗುವ ಬಣ್ಣದ ಮರಿ ಮಕ್ಕಳಿಗೆ ತಕ್ಕ ಆರಂಭ.

ವಾಸ್ತವ: ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಆ ಮರಿಗಳು ಯಾವ ವಿಶೇಷ ತಳಿಯವೂ ಅಲ್ಲ. ಮೊಟ್ಟೆ ತಳಿಯ ಹ್ಯಾಚರಿಗಳಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಅವು ಮೊಟ್ಟೆಯಿಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಹಾಗಾಗಿ ಒಂದು ದಿನದ ಪ್ರಾಯದಲ್ಲೇ ಅವನ್ನು ಬೇರ್ಪಡಿಸಿ ಕೊಲ್ಲುವುದು ಜಗತ್ತಿನ ಬಹುಪಾಲು ಹ್ಯಾಚರಿಗಳ ರೂಢಿ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಹೀಗೆ ಬೇಡವಾದ ಮರಿಗಳನ್ನೂ ಮಾಂಸದ ಫಾರಂಗಳಿಗೆ ಒಪ್ಪಿಗೆಯಾಗದೆ ಉಳಿದ ಬ್ರಾಯ್ಲರ್ ಮರಿಗಳನ್ನೂ ಬಣ್ಣದಲ್ಲಿ ಅದ್ದಿ ರಟ್ಟಿನ ಡಬ್ಬದಲ್ಲಿ ತುಂಬಿ ಬೀದಿಗೆ ತರುತ್ತಾರೆ.

ಎಳೆಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಬಣ್ಣದ ನೀರಿನಲ್ಲಿ ನೆನೆದು, ಗಾಳಿಗೆ ಒಡ್ಡಿ, ಬಸ್ಸಿನಲ್ಲಿ ಊರಿಗೆ ಬರುವ ಮರಿಗೆ ಆ ಬಿಸಿ ಎಲ್ಲಿಯದು? ಬಹಳಷ್ಟು ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಮಗು ಅಳುತ್ತದೆ, ದೊಡ್ಡವರು ಇನ್ನೊಂದು ಕೊಡಿಸುತ್ತೇವೆ ಎನ್ನುತ್ತಾರೆ. ಜೀವ ಸತ್ತರೆ ಇನ್ನೊಂದು ಕೊಂಡರಾಯಿತು ಎಂಬ ಪಾಠ ಅಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ಬದುಕಿ ಉಳಿದರೂ ಬೆದರುವ ಲೆಗ್‌ಹಾರ್ನ್ ಹುಂಜವಾಗುತ್ತದೆ. ಬ್ರಾಯ್ಲರ್ ಆಗಿದ್ದರೆ ಆರು ವಾರಕ್ಕೆ ಎರಡು ಕಿಲೋ ದಾಟಿ, ತನ್ನ ಮೈಯನ್ನು ಹೊರಲಾರದೆ ಕಾಲು ಸೋತು, ಹೃದಯ ಸೋತು ಕೂರುತ್ತದೆ. ಈ ಮರಿಗಳನ್ನು ಕೊಳ್ಳಬೇಡಿ. ಕನಿಕರದಿಂದಲೂ ಕೊಳ್ಳಬೇಡಿ. ಕೊಂಡ ಪ್ರತಿ ಮರಿಯ ಜಾಗಕ್ಕೆ ಮುಂದಿನ ಜಾತ್ರೆಗೆ ಇನ್ನೊಂದು ಡಬ್ಬ ಬರುತ್ತದೆ.

ತಪ್ಪು ಕಲ್ಪನೆ: ನಮ್ಮ ಊರ ಕೋಳಿಗಳು ಮಕ್ಕಳಿಗೆ ಪಳಗುವುದಿಲ್ಲ, ವಿದೇಶಿ ತಳಿಯೇ ಬೇಕು.

ವಾಸ್ತವ: ನಾಟಿ ಕೋಳಿ ಚುರುಕು, ಹಾರುತ್ತದೆ, ರಾತ್ರಿ ಹಲಸಿನ ಮರವೇರಿ ಕೂರುತ್ತದೆ. ಅಪರಿಚಿತರ ಕೈಗೆ ಸಿಗದೆ ಇರುವುದರಿಂದಲೇ ಅದು ನಾಯಿ, ಕಾಡುಬೆಕ್ಕು, ಮುಂಗುಸಿಗಳ ನಡುವೆ ಉಳಿದುಬಂದಿದೆ. ತಾಯಿಯ ಹಿಂದೆ ಬೆಳೆದ ಮರಿಗಳು ಮನುಷ್ಯರಿಗೆ ಅಂಜುವುದನ್ನು ಅವಳಿಂದಲೇ ಕಲಿಯುತ್ತವೆ. ಮರಿಗಳಿರುವ ಹೇಟೆಯ ಹತ್ತಿರ ಮಗುವನ್ನು ಬಿಡಲೂಬಾರದು, ನಾಯಿಯನ್ನೇ ಅಟ್ಟಿಸಿಕೊಂಡು ಹೋಗುವ ತಾಯಿ ಅವಳು. ಆದರೆ ದಿನವೂ ಮಕ್ಕಳ ಕೈಯಿಂದ ರಾಗಿ, ನುಚ್ಚು, ಸಿಕ್ಕಾಗ ಗೆದ್ದಲು ತಿಂದು ಬೆಳೆದ ನಾಟಿ ಹೇಟೆ ಹೆಸರು ಕರೆದರೆ ಓಡಿಬರುವಷ್ಟು ಹತ್ತಿರವಾಗುತ್ತದೆ. ಮಡಿಲಲ್ಲಿ ಕೂರಲಿಕ್ಕಿಲ್ಲ, ಹೆಗಲ ಪಕ್ಕ ಬಂದು ನಿಲ್ಲುತ್ತದೆ.

ನಡುವಿನ ದಾರಿಯೂ ಇದೆ, ಅದು ನಮ್ಮ ಹೆಬ್ಬಾಳದಿಂದಲೇ ಬಂದದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಿಲಿಗೆಂದು ರೂಪಿಸಿದ ಗಿರಿರಾಜ ರೈತರ ಮನೆಗಳಲ್ಲಿ ಹೆಸರಾದ ತಳಿ. ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ ವರ್ಷಕ್ಕೆ 180ರಿಂದ 190 ಮೊಟ್ಟೆ ಇಡುತ್ತದೆ. ಇವು ಭಾರದ ಮೈಯವಾದ್ದರಿಂದ ಹೆಚ್ಚು ಹಾರುವುದಿಲ್ಲ, ನಾಟಿಗಿಂತ ನಿಧಾನ, ನಮ್ಮ ಬಿಸಿಲು ಮಳೆಗೆ ಒಗ್ಗಿದವು. ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ಬೇಟೆಯಾಡುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ದಾವಣಗೆರೆ, ಬಳ್ಳಾರಿ, ವಿಜಯಪುರದ ಮನೆಯವರು ಮಕ್ಕಳಿಗೆಂದು ಕೇಳಿದರೆ ಮೊದಲು ನನ್ನ ಬಾಯಿಗೆ ಬರುವ ಹೆಸರು ಸ್ವರ್ಣಧಾರದ ಹೇಟೆ. ದುಬಾರಿ ವಿದೇಶಿ ಕೋಳಿ ತಂದು ಫ್ಯಾನು ಹಾಕಿ ಕಾಪಾಡುವುದಕ್ಕಿಂತ ಇದು ಮೇಲು.

ಅಸೀಲ್ ಬಗ್ಗೆ ಒಂದು ಮಾತು. ಕಾಳಗದ ಕೋಳಿ ಎಂದ ಮಾತ್ರಕ್ಕೆ ಅದು ಮನುಷ್ಯರ ಮೇಲೆ ಬೀಳುತ್ತದೆ ಎಂದಲ್ಲ. ಸಾಕಿದವರ ಕೈಯಲ್ಲಿ ಅಸೀಲ್ ಗಂಭೀರವಾಗಿ ಶಾಂತವಾಗಿರುತ್ತದೆ, ಅದರ ಕೋಪ ಬೇರೆ ಕೋಳಿಗಳ ಮೇಲೆ. ಮಕ್ಕಳ ಕಣ್ಣೆದುರು ಕೋಳಿಗಳು ರಕ್ತ ಸುರಿಸಿಕೊಳ್ಳುವುದು ಬೇಡವೆಂದೇ ಈ ತಳಿಯನ್ನು ಬಿಡಬೇಕು. ಪಶ್ಚಿಮ ಘಟ್ಟದ ಕಡೆಯವರು ಕಾಡಿನಿಂದ ಬೂದು ಕಾಡುಕೋಳಿಯ ಮೊಟ್ಟೆ ತಂದು ನಾಟಿ ಕೋಳಿಯ ಕಾವಿಗೆ ಇಡುವುದುಂಟು. ಆ ಮರಿಗಳು ಬೆಳೆದಂತೆ ಕಾಡಿನ ಅಂಜಿಕೆಯೇ ಮೇಲೆದ್ದು ಬರುತ್ತದೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಾಗೆ ಮೊಟ್ಟೆ ತರುವುದು ಅಪರಾಧ.

ತಪ್ಪು ಕಲ್ಪನೆ: ಮುದ್ದಿಗೆ ಒಂದೇ ಕೋಳಿ ಸಾಕು.

ವಾಸ್ತವ: ಸಾಲದು, ಮೂರಾದರೂ ಬೇಕು. ನಾರ್ವೆಯ ಥೋರ್ಲೈಫ್ ಶೆಲ್ಡರುಪ್ ಎಬ್ಬೆ ಚಿಕ್ಕಂದಿನಿಂದಲೇ ಕೋಳಿಗಳನ್ನು ನೋಡುತ್ತ ಬೆಳೆದವನು. ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಕೋಳಿಗಳಲ್ಲಿ ಮೇಲಿನಿಂದ ಕೆಳಗಿನ ತನಕ ಕ್ರಮವಿದೆ ಎಂಬುದನ್ನು 1920ರ ದಶಕದ ಆರಂಭದಲ್ಲಿ ಅವನು ಪ್ರಕಟಿಸಿದ. ಒಂಟಿ ಕೋಳಿಗೆ ಆ ಬಳಗವಿಲ್ಲ. ಮಗು ಶಾಲೆಗೆ ಹೋದ ಮೇಲೆ ದಿನವಿಡೀ ಕೂಗುತ್ತದೆ. ಎರಡು ಸಾಕಿ ಒಂದು ಸತ್ತರೆ ಮತ್ತೆ ಒಂಟಿ. ಸಿಲ್ಕಿಯ ಜೊತೆ ಜೋರಿನ ತಳಿಗಳನ್ನು ಸೇರಿಸಬೇಡಿ, ಸಾಧುವಾದದ್ದೇ ಪೆಟ್ಟು ತಿನ್ನುತ್ತದೆ.

ತಪ್ಪು ಕಲ್ಪನೆ: ಮನೆಯಲ್ಲಿ ಸಾಕಿದ ಕೋಳಿ ಶುದ್ಧ, ಅದರಿಂದ ಮಕ್ಕಳಿಗೆ ರೋಗ ಬಾರದು.

ವಾಸ್ತವ: ನೋಡಲು ಗಟ್ಟಿಮುಟ್ಟಾದ ಕೋಳಿಯ ಹಿಕ್ಕೆಯಲ್ಲೂ, ಪುಕ್ಕ ಮತ್ತು ಕಾಲಿನ ಮೇಲೂ ಸಾಲ್ಮೊನೆಲ್ಲ ಇರಬಹುದು. ಮಕ್ಕಳಿಗೆ ಜ್ವರ, ಭೇದಿ ತರುವ ಈ ಬ್ಯಾಕ್ಟೀರಿಯ ಎಳೆಯರಲ್ಲಿ ತೀವ್ರವಾಗಿ ಕಾಡುತ್ತದೆ. ಐದು ವರ್ಷದೊಳಗಿನ ಮಕ್ಕಳು ಕೋಳಿ, ಮರಿಗಳನ್ನು ಮುಟ್ಟದಿರುವುದು ಒಳ್ಳೆಯದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಅವರು ನೋಡಲಿ, ದೊಡ್ಡವರ ಜೊತೆ ನಿಂತು ಕಾಳು ಎಸೆಯಲಿ. ದೊಡ್ಡ ಮಕ್ಕಳಿಗೂ ನಿಯಮ ಕಟ್ಟುನಿಟ್ಟಾಗಿರಲಿ: ಮುತ್ತು ಕೊಡಬಾರದು, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಗೂಡಿಗೆ ಹೋಗುವ ಚಪ್ಪಲಿ ಹೊರಗೇ ಇರಬೇಕು.

ಕೋಳಿಗೆ ಬರುವ ರೋಗಗಳಲ್ಲಿ ಮುಖ್ಯವಾದದ್ದು ಕೊಕ್ಕರೆ ರೋಗವೆಂದು ಹಳ್ಳಿಗಳಲ್ಲಿ ಕರೆಯುವ ರಾಣಿಖೇತ್. ಮೊದಲ ವಾರದಲ್ಲಿ ಲಸೋಟ ಲಸಿಕೆಯ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಬಿದ್ದರೆ ಅದನ್ನು ತಡೆಯಬಹುದು. ಲಸಿಕೆಯ ಶೀಶೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಒಮ್ಮೆ ತೆರೆದರೆ ಬೇಗ ಕೆಡುತ್ತದೆ. ಮೂರೇ ಕೋಳಿ ಸಾಕುವವರು ಅಕ್ಕಪಕ್ಕದ ಮನೆಯವರ ಜೊತೆ ಸೇರಿ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಒಂದೇ ದಿನ ಹಾಕಿಸಿಕೊಳ್ಳುವುದು ಅನುಕೂಲ. ಸುತ್ತಮುತ್ತ ಕೋಳಿಗಳು ಗುಂಪಾಗಿ ಸತ್ತ ಸುದ್ದಿ ಬಂದರೆ ಹಕ್ಕಿಜ್ವರದ ಶಂಕೆ ಇರುತ್ತದೆ. ಆಗ ಮಕ್ಕಳನ್ನು ಗೂಡಿನಿಂದ ದೂರವಿಟ್ಟು ಪಶುವೈದ್ಯರಿಗೆ ತಿಳಿಸಿ.

ತಪ್ಪು ಕಲ್ಪನೆ: ಎರಡು ವರ್ಷ ಮೊಟ್ಟೆ ಕೊಟ್ಟರೆ ಕೋಳಿಯ ಆಯುಷ್ಯ ಮುಗಿದಂತೆ.

ವಾಸ್ತವ: ಚೆನ್ನಾಗಿ ನೋಡಿಕೊಂಡ ಹೇಟೆ ಐದರಿಂದ ಎಂಟು ವರ್ಷ ಬದುಕುತ್ತದೆ, ಹತ್ತು ದಾಟಿದವೂ ಇವೆ. ಮೊಟ್ಟೆ ಎರಡನೇ ವರ್ಷದಿಂದಲೇ ಇಳಿಯುತ್ತ ಬರುತ್ತದೆ. ಒಂದನೇ ತರಗತಿಯಲ್ಲಿ ತಂದ ಕೋಳಿ ಮಗು ಹೈಸ್ಕೂಲು ಸೇರುವಾಗಲೂ ಹಿತ್ತಿಲಲ್ಲಿರಬಹುದು.

ಕೋಳಿ ತಿನ್ನುವ ಮನೆಗಳಲ್ಲಿ ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ. ಮಗು ಹೆಸರಿಟ್ಟು ಮಾತಾಡಿಸುತ್ತಿದ್ದ ಹೇಟೆ ಹಬ್ಬದ ದಿನ ಕಾಣೆಯಾಗಿ, ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗುವಿಗೆ ವಿಷಯ ತಿಳಿದರೆ, ಆ ಮಗು ಮನೆಯವರ ಮಾತನ್ನು ನಂಬಲು ಬಹಳ ಕಾಲ ಹಿಡಿಯುತ್ತದೆ. ಮಾಂಸ ತಿನ್ನುವುದು ಅವರವರ ಮನೆಯ ರೂಢಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಮಗುವಿನ ಕೋಳಿಯೆಂದು ತಂದ ಮೇಲೆ ಅದು ಕೊನೆಯ ತನಕ ಮಗುವಿನ ಕೋಳಿಯಾಗಿಯೇ ಇರಬೇಕು. ಹಾಗೆ ನಡೆಸಿಕೊಳ್ಳಲು ಆಗದು ಎನಿಸಿದರೆ ಕೊಳ್ಳುವ ಮುಂಚೆಯೇ ಮಗುವಿನೊಡನೆ ಕುಳಿತು ನಿಜ ಹೇಳಿ, ಆಮೇಲೆ ತರುವುದೋ ಬಿಡುವುದೋ ಇಬ್ಬರೂ ಸೇರಿ ತೀರ್ಮಾನಿಸಿ.